ಸೋಮವಾರದ ಉಸಿರಿಗೆ ಸಿಕ್ಕ ಅಂಕ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನ್ನ ಅಕ್ಕ ಅಂಜಿನಕ್ಕನ ಉಬ್ಬಸ ವಾಸಿಯಾಗಿದೆ ಎಂದು ತಮ್ಮ ಕಚೇರಿ ಕಾಗದ ಕಳಿಸಿದೆ. ಸಂತೋಷ. ಈ ಸಮಾಚಾರ ಉಬ್ಬಸಕ್ಕೆ ಮಾತ್ರ ಇನ್ನೂ ತಲುಪಿಲ್ಲ. ವಾಸಿಯಾದವರಿಗೆ ಔಷಧ ಯಾಕೆಂದು ತಿಂಗಳಿಗೊಂದರಂತೆ ಕೊಡುತ್ತಿದ್ದ ಬಾಯಿಗೆ ಹೊಡೆದುಕೊಳ್ಳುವ ಪಂಪನ್ನೂ ನಿಲ್ಲಿಸಿದ್ದೀರಿ, ಉಸಿರಿನ ಬಲ ಅಳೆಯಲು ಊದುವ ಮೀಟರನ್ನೂ ವಾಪಸು ಒಯ್ದಿದ್ದೀರಿ. ಪೇಟೆಯಲ್ಲಿ ಪಂಪು ಕೊಳ್ಳುವ ಶಕ್ತಿ ನಮಗಿಲ್ಲ.

ಅಕ್ಕ ಕೊಟ್ಟೂರಿನ ಒಂದು ಶೇಂಗಾ ಮಿಲ್ಲಿನಲ್ಲಿ ಹದಿನಾಲ್ಕು ವರ್ಷದಿಂದ ಸಿಪ್ಪೆ ತೂರುತ್ತಾಳೆ. ಕಳೆದ ವರ್ಷ, ಅಂದರೆ ೨೦೦೩ರ ದೀಪಾವಳಿ ಮುಗಿದ ಮೇಲೆ, ತಮ್ಮ ಶಿಬಿರದಲ್ಲಿ ಆ ಮೀಟರಿನ ಪ್ಲಾಸ್ಟಿಕ್ ಕೊಳವೆ ಕೊಟ್ಟರು. ದಿನಾ ಸಂಜೆ ಮೂರು ಸಲ ಜೋರಾಗಿ ಊದಬೇಕು, ಮುಳ್ಳು ಹೆಚ್ಚು ಏರಿದ ಅಂಕಿಯನ್ನು ಹಾಳೆಯಲ್ಲಿ ಬರೆಯಬೇಕು. ಆಕೆಗೆ ಓದು ಬಾರದ್ದರಿಂದ ಬರೆಯುವ ಕೆಲಸ ನನ್ನದಾಯಿತು. ಕೆಲಸದ ದಿನ ಸಂಜೆ ನೂರಾ ಎಂಬತ್ತು, ನೂರಾ ಅರವತ್ತು. ಮಿಲ್ಲಿಗೆ ರಜೆಯಿರುವ ಸೋಮವಾರ ಮಾತ್ರ ಮುನ್ನೂರ ಹತ್ತು. ಮೂವತ್ತು ದಿನದ ಅಂಕಿಗಳ ಕೆಳಗೆ ತಮ್ಮವರು ಒಂದು ಚೌಕ ಹಾಕಿದ್ದಾರೆ: 'ಈ ತಿಂಗಳ ಗರಿಷ್ಠ'. ತಮ್ಮ ಮೇಜಿಗೆ ಬರುವುದು ಆ ಚೌಕವೊಂದೇ.

"ನಿಮ್ಮಕ್ಕಂದು ಮುನ್ನೂರ ಹತ್ತು ಐತಲ್ರಿ. ಇನ್ನೂರೈವತ್ತರ ಮ್ಯಾಲ ಇದ್ದೋರಿಗೆ ಪಂಪು ಇಲ್ಲ," ಎಂದರು ತಮ್ಮ ಗುಮಾಸ್ತರು.

"ಉಳಿದ ಇಪ್ಪತ್ತಾರು ದಿನ ನೋಡ್ರಿ ಸಾಹೇಬ್ರ," ಎಂದೆ.

"ಅವನ್ನ ನೋಡಾಕ ಫಾರಂನಾಗ ಜಾಗ ಇಲ್ಲಪ್ಪ."

ಬೋರು ಕೊರೆದ ದಿನ ಚಿಮ್ಮಿದ ನೀರನ್ನು ಬರೆದಿಟ್ಟುಕೊಂಡು, ಬೇಸಿಗೆಯಲ್ಲಿ ಬಾಯಾರಿದವನ ಮುಂದೆ ಅದೇ ಚೀಟಿ ಹಿಡಿದರೆ ಆದೀತೇ? ಕಡಲಾಚೆಯ ಎಣ್ಣೆ ಬಾವಿಗಳಿಗೂ ಒಂದು ಏರು, ಆಮೇಲೆ ಇಳಿತ ಇದೆಯಂತೆ. ಅಲ್ಲಿಯವರು ಇಳಿತವನ್ನೂ ಬರೆದಿಡುತ್ತಾರೆಂದು ಪೇಪರಿನಲ್ಲಿ ಓದಿದೆ. ಎಣ್ಣೆಗೆ ಬೆಲೆಯಿದೆ, ಬರೆಯುತ್ತಾರೆ.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ಅಕ್ಕ ಇದನ್ನು ಪರೀಕ್ಷೆಯೆಂದೇ ತಿಳಿದಳು. "ಡಾಕ್ಟ್ರ ಮುಂದ ನಮ್ಮ ಮಾನ ಹೋಗಬಾರದಲೇ," ಎಂದು ಸೋಮವಾರ ಬಿಸಿನೀರು ಕುಡಿದು, ಎರಡು ಸಲ ಪಂಪು ಹೊಡೆದುಕೊಂಡು, ಸೆರಗು ಸಿಕ್ಕಿಸಿ ಊದಲು ನಿಲ್ಲುತ್ತಿದ್ದಳು. ಓಣಿಯ ಹೆಂಗಸರು ಸುತ್ತ ಸೇರುತ್ತಿದ್ದರು. "ಇನ್ನೊಂದು ಸಲ ಊದಕ್ಕ, ಮುನ್ನೂರು ದಾಟಸು," ಎಂದು ಹುರಿದುಂಬಿಸಿದವನು ನಾನೇ. ದಾಟಿದ ದಿನ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಹಂಚಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು. ತಮ್ಮ ಕಾಗದ ಓದಿ ಹೇಳಿದಾಗ ಅಕ್ಕ ಕೇಳಿದ್ದಿಷ್ಟು: "ಪಾಸಾಗಿದ್ದಕ್ಕ ಪಂಪು ಕಸಗೊಂಡ್ರೇನು?" ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ಆದರೆ ಓದು ಬಾರದ ಹೆಂಗಸು ಮಾನಕ್ಕಾಗಿ ದೊಡ್ಡ ಅಂಕಿ ಬಯಸಿದರೆ ಅದು ಅಮಾಯಕತನ. ಅಷ್ಟೊಂದು ಓದಿದ ಕಚೇರಿಯೊಂದು ಮಾನಕ್ಕಾಗಿ ದೊಡ್ಡ ಅಂಕಿಯನ್ನೇ ಆರಿಸಿ ಮೇಲಕ್ಕೆ ಕಳಿಸಿದರೆ ಅದಕ್ಕೆ ಏನೆನ್ನಬೇಕು? ಜಿಲ್ಲೆಯಲ್ಲಿ ಉಬ್ಬಸ ಇಳಿದಿದೆಯೆಂದು ತಮಗೆ ಶಹಬ್ಬಾಸ್‌ಗಿರಿಯೂ ಬಂದಿರಬೇಕು.

ಮೂರು ತಿಂಗಳ ಹಾಳೆಗಳ ನಕಲು ಇದರೊಂದಿಗಿದೆ. ಆ ಚೌಕದಲ್ಲಿ ಗರಿಷ್ಠದ ಬದಲು ಕನಿಷ್ಠ ಬರೆಸಿ, ಇದೇ ವಾರ ಅಕ್ಕನ ಪಂಪು ಕೊಡಿಸಿ. ನಂಬಿಕೆಯಿಲ್ಲದಿದ್ದರೆ ಶನಿವಾರ ಸಂಜೆ ಐದಕ್ಕೆ, ಮಿಲ್ಲು ಬಿಡುವ ಹೊತ್ತಿಗೆ, ತಾವೇ ಮೀಟರು ಹಿಡಿದು ಬನ್ನಿ. ಒಂದೇ ಸಲ ಊದಿಸಿ, ಮೂರು ಸಲ ಬೇಡ. ನಿನ್ನೆ ನನ್ನನ್ನು ಊಟಕ್ಕೆ ಕರೆಯುವಾಗ ಆಕೆ 'ಮಾರೇ' ಎಂದು ಗೋಡೆ ಹಿಡಿದು ನಿಂತಳು. ಉಳಿದ ಅಕ್ಷರಕ್ಕೆ ಉಸಿರು ಸಾಲಲಿಲ್ಲ.

ಇಂತಿ,
ಸದ್ಯಕ್ಕೆ ಸಲೀಸಾಗಿ ಉಸಿರಾಡುತ್ತಿರುವ
ಮಾರೇಶ್
ಶೇಂಗಾ ಮಿಲ್ಲಿನ ಹಿಂದಿನ ಓಣಿ, ಕೊಟ್ಟೂರು