ದೋಣಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಅಕ್ಕನಿಗೆ ಸೀತಾರಾಮನ ನಮಸ್ಕಾರ.

ನೀನು ಗೊತ್ತುಮಾಡಿದ ಈ ಮುಂಬಯಿ ಸಂಬಂಧದವರಿಗೆ ಉಪ್ಪಿಟ್ಟು, ಕೇಸರಿಬಾತು ಎಲ್ಲ ಹಳೇ ಕಾಲದ್ದಂತೆ. ಹುಡುಗ ಅಭಿರಾಮ್ ನನ್ನ ಮಗಳನ್ನು ನೋಡಿದ್ದು ಮಾರ್ವೆಯ ಹಿನ್ನೀರಿನಲ್ಲಿ, ಕಯಾಕ್ ಎಂಬ ಇಬ್ಬರ ದೋಣಿಯಲ್ಲಿ! "ಮ್ಯಾರೇಜ್ ಅಂದ್ರೆ ಟೀಮ್‌ವರ್ಕ್, ಅಂಕಲ್" ಎಂದು ನನಗೆ ಪಾಠ ಹೇಳಿ ಹೊರಟವನು, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಉದ್ದಕ್ಕೂ ಸೆಲ್ಫಿ ತೆಗೆದ. ಹುಟ್ಟು ಹಾಕಿದವಳು ಇವಳೊಬ್ಬಳೇ. ದಡದಿಂದ ಅವನ ತಾಯಿ, "ಧಾತ್ರಿ, ಜರಾ ಜೋರಾಗಿ ಹಾಕಮ್ಮ, ಅವನಿಗೆ ಬಿಸಿಲು ಆಗಲ್ಲ" ಎಂದು ಕೂಗುತ್ತಿದ್ದರು. ನಿಂತು ನಿಂತು ನನ್ನ ಮಂಡಿ ಊದಿದೆ.

ಅವರಿಗೆ ಹುಡುಗಿ ಪೂರ್ತಿ ಒಪ್ಪಿಗೆಯಂತೆ. ಧಾತ್ರಿ ಅವನನ್ನು ದಡಕ್ಕಿಳಿಸಿ, ತಾಯಿಯ ಕೈಗೊಪ್ಪಿಸಿ, ಒಬ್ಬಳೇ ಮತ್ತೆ ದೋಣಿ ಹತ್ತಿದಳು. ಅವರು ಮನೆಗೆ ಹೊರಟು ಬಹಳ ಹೊತ್ತಾಯಿತು. "ನಿನ್ನ ಉತ್ತರವೇನಮ್ಮ?" ಎಂದು ಮಗಳನ್ನು ಕೇಳೋಣವೆಂದರೆ ಇವಳಿನ್ನೂ ನೀರಿನಿಂದ ಬಂದಿಲ್ಲ.