ಗಾಜಿನೊಳಗಿನ ಬಿಸಿಲು

ಫೆಬ್ರವರಿ ೧೧, ಬುಧವಾರ

ಚಳಿಗಾಲವೆಲ್ಲ ಬಿಸಿಲು ಕಾಯಿಸಿಕೊಂಡಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು. ರಕ್ತ ಪರೀಕ್ಷೆಯಲ್ಲಿ ಡಿ ವಿಟಮಿನ್ ಮೊದಲಿನಷ್ಟೇ ಕಡಿಮೆ ಬಂದಿದೆ. ದಿನಾ ಬಿಸಿಲಿಗೆ ಕೂರುತ್ತೇನೆ ಎಂದರೆ ಕೀಲಿನ ಡಾಕ್ಟರಮ್ಮ ನಂಬಲಿಲ್ಲ.

“ಎಲ್ಲಿ ಕೂತ್ಕೋತೀರಿ ಅಜ್ಜ?”

“ನಮ್ಮ ಕ್ಷೌರದಂಗಡಿ ಒಳಗೆ, ಕಿಟಕಿ ಪಕ್ಕ.”

“ಗಾಜು ಮುಚ್ಚಿರುತ್ತಾ?”

“ಮುಚ್ಚದೆ ಇನ್ನೇನು? ಕತ್ತರಿಸಿದ ಕೂದಲು ಹಾರಲ್ವಾ?”

“ಗಾಜಿನ ಒಳಗೆ ಬರೀ ಶಾಖ ಬರುತ್ತೆ ಅಜ್ಜ, ವಿಟಮಿನ್ ಆಗಲ್ಲ.”

ಮಾತ್ರೆ ಬರೆದಳು, ಹೊರಗೆ ಕೂರಿ ಎಂದಳು. ಕೂತರೆ ಬೆರಳು ನೆಟ್ಟಗಾಗುತ್ತದಾ ಎಂದು ಕೇಳಿದೆ. ಆಗಲ್ಲ, ಇದು ಮೂಳೆಗೆ, ಕೀಲುವಾತದ ಮಾತ್ರೆ ಬಿಡುವ ಹಾಗಿಲ್ಲ ಎಂದಳು. ಸುತ್ತಿ ಬಳಸದೆ ಹೇಳಿದಳಲ್ಲ, ಅದು ಸರಿ.

ಕೂದಲು ಹಾರುವುದು ನೆಪ. ಸೊಟ್ಟ ಬೆರಳು ಬೀದಿಯವರಿಗೆ ಕಾಣಬಾರದೆಂದೇ ಕೈ ಮೇಲೆ ಟವೆಲ್ ಹಾಕಿಕೊಂಡು ಒಳಗೆ ಕೂರುವುದು. ಕತ್ತರಿ ಹಿಡಿಯಲಾರದವನು ಅಂಗಡಿ ಮುಂದೆ ಕೂತರೆ ಯಾವ ಗಿರಾಕಿ ಒಳಗೆ ಬರುತ್ತಾನೆ?

ಈಗ ಕತ್ತರಿ ಹಿಡಿಯುವವನು ಮಗ. ಸಂಜೆಯೇ ನಾನು ಕೂರುವ ಬೆಂಚನ್ನು ಬಾಗಿಲಾಚೆ ಹಾಕಿಬಿಟ್ಟ.

“ಊರೆಲ್ಲ ನೋಡ್ಲಿ ಅಂತಾನಾ?” ಎಂದು ಬೈದೆ.

“ಇಲ್ಲಿಗೆ ಬರೋರು ಕನ್ನಡೀಲಿ ಅವರವರ ಮುಖ ನೋಡ್ಕೋತಾರಪ್ಪ. ನಿನ್ನ ಕೈ ಯಾರಿಗೆ ಬೇಕು?”

ಅಧಿಕಪ್ರಸಂಗಿ. ಆದರೆ ಸುಳ್ಳು ಹೇಳಲಿಲ್ಲ. ಈ ಬೀದಿಯ ಅರ್ಧ ತಲೆಗಳನ್ನು ಗಲ್ಲ ಹಿಡಿದು ಬೇಕಾದ ಕಡೆಗೆ ತಿರುಗಿಸಿದ್ದು ಇವೇ ಬೆರಳು. ನೋಡಿದರೆ ನೋಡಲಿ. ನಾಳೆ ಟವೆಲ್ ಗೋಡೆಯ ಮೊಳೆಯ ಮೇಲೇ ಇರಲಿ. ಗಾಳಿ ಜೋರಿದ್ದರೆ ಮಾತ್ರ ಒಳಗೆ... ಇಲ್ಲ, ಜೋರಿದ್ದರೂ ಹೊರಗೇ.

ಬರೆದದ್ದು ಸಾಕು ಎನ್ನುತ್ತಿದೆ ಹೆಬ್ಬೆರಳು.