ಡಾರತಿಯ ಮನೆ ಬೀಗದ ಕೈ

ಹ್ಯಾರಿಸನ್, ನ್ಯೂಜೆರ್ಸಿ
ಮೇ 1976

ಚಿಕ್ಕಪ್ಪ, ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದೆ. ನನ್ನ ಕೆಮ್ಮು ವಾಸಿಯಾಗಿದೆ, ತಲೆ ಮಾತ್ರ ಕೆಟ್ಟಿದೆ.

ಇಲ್ಲಿ ಅಧ್ಯಕ್ಷರ ಚುನಾವಣೆಗೆ ಮುಂಚೆ ಪ್ರೈಮರಿ ಅಂತ ಒಂದೇ ಪಕ್ಷದವರು ಟಿಕೆಟ್ಟಿಗಾಗಿ ತಮ್ಮತಮ್ಮಲ್ಲೇ ಕಿತ್ತಾಡುತ್ತಾರೆ. ಅವರಲ್ಲೊಬ್ಬ, ‘ರಷ್ಯಾದವರು ಬರುತ್ತಾರೆ, ಹೊರಗಿನವರನ್ನು ನಂಬಬೇಡಿ’ ಅಂತ ಕೂಗಿದಷ್ಟೂ ಜನ ಮುಗಿಬೀಳುತ್ತಾರೆ. ಎಮರ್ಜೆನ್ಸಿ ಬಂದಾಗಿನಿಂದ ಅಲ್ಲಿ ನಿಮ್ಮ ರೇಡಿಯೋ ದಿನಾ ಹೇಳುವ ವಿದೇಶೀ ಕೈವಾಡದ ಮಾತೇ ಇಲ್ಲೂ! ಪಕ್ಕದ ಮನೆ ಮುದುಕಿ ಡಾರತಿಗೆ ಅವನೆಂದರೆ ಪ್ರಾಣ.

“ನಾನೂ ಹೊರಗಿನವಳೇ ಅಲ್ವಾ?” ಅಂದೆ.

“ನೀನಲ್ಲ, ಅವರು” ಅಂತ ಕಿಟಕಿಯಾಚೆ ಕೈ ತೋರಿಸಿದಳು. ಅಲ್ಲಿ ಪೋಸ್ಟ್‌ಮ್ಯಾನ್ ಬಿಟ್ಟು ಯಾರೂ ಇರಲಿಲ್ಲ.

ಈಗ ಅವನ ಭಾಷಣ ಕೇಳಲು ಹೋಗಿದ್ದಾಳೆ. ಬೆಕ್ಕಿಗೆ ಹಾಲು ಹಾಕು ಅಂತ ಮನೆ ಬೀಗದ ಕೈ ನನಗೇ ಕೊಟ್ಟಿದ್ದಾಳೆ. ಅವಳ ಅಡುಗೆಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಇವಳಿಗೆ ಭಯ ಯಾರದು, ಚಿಕ್ಕಪ್ಪ? ಬೆಕ್ಕು ಕೂಗುತ್ತಿದೆ, ಎದ್ದೆ.

ಶೈಲಜಾ